ಮುಂದಿನ ಸೀಟಿನಲ್ಲಿ ನಾಯಿ, ಹಿಂದಿನ ಸೀಟಿನಲ್ಲಿ ಮದುಮಗಳು

ನನ್ನನ್ನು ನೋಡಲು ಬಂದವರು ಕೇಳಿದ್ದು ಒಂದೇ ಪ್ರಶ್ನೆ: “ನಿನಗ ನಾಯಿ ಅಂದ್ರ ಅಂಜಿಕಿ ಐತೇನು?”

ಕೇಳಿದವರು ಇವತ್ತು ನನ್ನ ಗಂಡನಾಗಿರುವವರ ಅಕ್ಕ. ಲಿಂಗಸುಗೂರಿನಿಂದ ಬಸ್ಸು ಹಿಡಿದು ಮಸ್ಕಿಗೆ ಬಂದಿದ್ದರು. ನೆಪಕ್ಕೆಂದು ಜಂಪರ್ ಹೊಲಿಸಲು ರವಿಕೆ ಬಟ್ಟೆ ತಂದಿದ್ದರು. ನಾನು ಅವರ ತೋಳಿನ ಅಳತೆ ತೆಗೆಯುತ್ತಿದ್ದೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ. ಯಾಕೆ ಬಂದಿದ್ದಾರೆಂಬುದನ್ನು ಅವ್ವ ಮೊದಲೇ ನನ್ನ ಕಿವಿಯಲ್ಲಿ ಊದಿದ್ದಳು. ನಲವತ್ತು ದಾಟಿದ ಹುಡುಗಿಯನ್ನು ಏನೇನು ಕೇಳುತ್ತಾರೋ ಎಂದು ಉತ್ತರಗಳನ್ನೆಲ್ಲ ಜೋಡಿಸಿಕೊಂಡು ಕುಳಿತಿದ್ದೆ. ನಾಯಿಯ ಬಗ್ಗೆ ಮಾತ್ರ ಏನೂ ಜೋಡಿಸಿಕೊಂಡಿರಲಿಲ್ಲ.

ಸೂಜಿಗಳನ್ನು ಬಾಯಿಂದ ತೆಗೆದು ಹೇಳಿದೆ: “ಅಂಜಿಕಿ ಐತ್ರಿ. ಮದಿವಿ ಅಂದ್ರೂ ಐತ್ರಿ.”

ಅಕ್ಕ ಎಷ್ಟು ನಕ್ಕರೆಂದರೆ, ಅಳತೆ ಟೇಪು ಅವರ ತೋಳಿನಿಂದ ಜಾರಿ ನೆಲಕ್ಕೆ ಬಿತ್ತು. “ಆತು ತಗೋ. ಅವನಿಗೂ ಮದಿವಿ ಅಂದ್ರ ಅಂಜಿಕಿನ ಐತಿ. ನಾಯಿಗೆ ಏನ್ ಐತೋ, ಅದನ್ನ ನೀವಿಬ್ಬರೂ ಕೂಡಿ ಕೇಳ್ರಿ” ಎಂದರು. ನನ್ನ ಮದುವೆ ಗಟ್ಟಿಯಾದದ್ದು ಹೀಗೆ.

ನಮ್ಮವರು ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುತ್ತಾರೆ. ಬೆಲ್ಟು ಹರಿದರೆ, ಬೇರಿಂಗು ಬಿಸಿಯಾದರೆ, ಎಲ್ಲಿಯೋ ಒಂದು ಬೋಲ್ಟು ಸಡಿಲಾಗಿ ಟಕಟಕ ಎಂದರೆ ಇವರನ್ನೇ ಕರೆಯುತ್ತಾರೆ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ಮನೆಯಲ್ಲಿ ಒಬ್ಬರ ಮದುವೆಯಾದ ಮೇಲೆ ಇನ್ನೊಬ್ಬರದು ಎಂದು ಮುಂದೆ ಹಾಕುತ್ತಾ ಹಾಕುತ್ತಾ ಇವರದು ಹಾಗೆಯೇ ಉಳಿದುಬಿಟ್ಟಿತ್ತು. ನನ್ನದೂ ಅದೇ ಕತೆ, ಹೊಸದೇನಿಲ್ಲ. ಮಿಲ್ಲಿನ ಹಿಂದೆ, ಭತ್ತದ ಹೊಟ್ಟಿನ ಗುಡ್ಡೆಯಲ್ಲಿ ಕಣ್ಣು ಬಿಡದ ಒಂದು ಮರಿ ಇವರಿಗೆ ಸಿಕ್ಕಿತ್ತು. ಹೊಟ್ಟಿನದೇ ಬಣ್ಣ. ಅದಕ್ಕೆ ಹೆಸರಿಡಲೇ ಇಲ್ಲ. “ಬಾರಲೇ” ಎಂದರೆ ಬರುತ್ತಿತ್ತು, “ಹೋಗಲೇ” ಎಂದರೆ ಅದಕ್ಕೂ ಬರುತ್ತಿತ್ತು.

ಮದುವೆಯಾಗಿ ಆ ಮನೆಗೆ ಕಾಲಿಟ್ಟ ಹೊಸದರಲ್ಲಿ ಈ ನಾಯಿ, ಹೊಸ ಬಾಡಿಗೆದಾರಳನ್ನು ಮನೆ ಮಾಲೀಕ ನೋಡುವ ಹಾಗೆ ನನ್ನನ್ನು ನೋಡುತ್ತಿತ್ತು. ನಾನು ಅಡುಗೆಮನೆಗೆ ಹೋದರೆ ಬಾಗಿಲವರೆಗೆ ಬಂದು ನಿಲ್ಲುವುದು, ಹಿತ್ತಲಿಗೆ ಹೋದರೆ ಅಲ್ಲಿಗೂ ಬಂದು ನಿಲ್ಲುವುದು. ನಾನು ಹೆದರಿ ಕೈಯಲ್ಲಿ ಸೌಟು ಹಿಡಿದೇ ಓಡಾಡುತ್ತಿದ್ದೆ. ಆದರೆ ಮಸ್ಕಿಯಿಂದ ನನ್ನ ಹೊಲಿಗೆ ಮಷೀನು ತರಿಸಿ, ಕಾಲಿನಿಂದ ತುಳಿಯಲು ಶುರು ಮಾಡಿದ ದಿನ, ಆ ಕಟಕಟ ಸದ್ದು ಕೇಳಿ ನಾಯಿ ಮೆಲ್ಲಗೆ ಒಳಗೆ ಬಂತು. ಕತ್ತರಿಸಿ ಬಿದ್ದ ಬಟ್ಟೆ ಚೂರುಗಳ ಮೇಲೆ ಒಂದು ಸುತ್ತು ಸುತ್ತಿ ಮಲಗಿಬಿಟ್ಟಿತು. ಮಿಲ್ಲಿನಲ್ಲಿ ಬೆಳೆದ ಪ್ರಾಣಿ. ಮಷೀನಿನ ಸದ್ದೇ ಅದಕ್ಕೆ ಜೋಗುಳ. ಅವತ್ತಿನಿಂದ ನನ್ನ ಪಾದದ ಪಕ್ಕದಲ್ಲಿಯೇ ಅದರ ಸಂಸಾರ. ಸೌಟು ತನ್ನ ಜಾಗಕ್ಕೆ ಹೋಯಿತು.

ಗಂಡ ಹೆಂಡತಿಗೆ ಮಾತ್ರ ಇನ್ನೂ ಸಂಕೋಚ ಹೋಗಿರಲಿಲ್ಲ. ನಾನು ಅವರಿಗೆ ರೀ ಎನ್ನುವುದು ಸರಿ, ಅವರೂ ನನಗೆ ರೀ ಎನ್ನುತ್ತಿದ್ದರು. “ಊಟ ಮಾಡಿದ್ರೇನ್ರಿ?” “ಮಾಡಿದೆ ರೀ, ನೀವು?” ಬ್ಯಾಂಕಿನ ಸಾಲಿನಲ್ಲಿ ನಿಂತ ಅಪರಿಚಿತರ ಹಾಗೆ. ಮುಖ್ಯವಾದ ಮಾತೇನಾದರೂ ಇದ್ದರೆ ಅವರು ಅದನ್ನು ನನಗೆ ಹೇಳುತ್ತಲೇ ಇರಲಿಲ್ಲ, ನಾಯಿಗೆ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಮಿಲ್ಲಿಗೆ ರಜೆಯಿತ್ತು. ಊಟ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದೆವು. ಇವರು ನಾಯಿಯ ಕಿವಿ ನೇವರಿಸುತ್ತಾ, “ಸಂಡೂರಿನ ಗುಡ್ಡಕ್ಕ ಒಮ್ಮೆ ಹೋಗಬೇಕಲೇ. ಮಿಲ್ಲಿನ ಸಾಮಾನು ತರಾಕ ಲಾರ್‍ಯಾಗ ಹೋದಾಗ ನೋಡಿದ್ದೆ. ಮುತ್ತಲ ಹೂವು ಗುಡ್ಡದ ತುಂಬ. ಬೆಂಕಿ ಹತ್ತಿದಂಗ ಕಾಣ್ತಿತ್ತು. ಡ್ರೈವರ್ ನಿಲ್ಲಿಸಲಿಲ್ಲ” ಎಂದರು. ಆಮೇಲೆ ಅದರ ಇನ್ನೊಂದು ಕಿವಿ ಹಿಡಿದು, “ಇವರೂ ಬರ್ತಾರೇನು, ಕೇಳಲೇ” ಎಂದರು.

ನಾನು ಹೂಜಿ ನೀರು ಬಗ್ಗಿಸುತ್ತಿದ್ದೆ. ಲೋಟ ತುಂಬಿ ಚೆಲ್ಲಿತು. ನಾನೂ ನಾಯಿಯ ಕಡೆಗೇ ತಿರುಗಿ, “ಬರ್ತಾರಂತ ಹೇಳು” ಎಂದೆ.

ನಾಯಿ ಒಮ್ಮೆ ಅವರನ್ನು ನೋಡಿತು, ಒಮ್ಮೆ ನನ್ನನ್ನು ನೋಡಿತು. “ನೀನೂ ಬರ್ತೀಯೇನಲೇ?” ಎಂದು ಇವರು ಕೇಳಿದರು. ಅದು ಬಾಲ ಬಡಿಯಿತು. ಅಲ್ಲಿಗೆ ಮೂವರದೂ ಒಪ್ಪಿಗೆಯಾಯಿತು.

ನನ್ನ ವಿಷಯ ಹೇಳಬೇಕೆಂದರೆ, ಅದುವರೆಗೆ ನಾನು ಊರು ಬಿಟ್ಟು ಹೋದದ್ದೆಲ್ಲ ಮದುವೆಗೆ, ದೇವರಿಗೆ ಇಲ್ಲವೇ ದವಾಖಾನೆಗೆ. ಸುಮ್ಮನೆ ಎಲ್ಲಿಗೂ ಹೋಗಿರಲಿಲ್ಲ. ಹನಿಮೂನ್ ಎಂಬ ಶಬ್ದ ನಮ್ಮಿಬ್ಬರ ತಲೆಯಲ್ಲೂ ಇತ್ತು. ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಆ ವಯಸ್ಸಿಗೆ ಅದನ್ನು ಗಟ್ಟಿಯಾಗಿ ಹೇಳಿದರೆ ಗೋಡೆಗಳೂ ನಕ್ಕಾವು ಎನಿಸುತ್ತಿತ್ತು. ಆದ್ದರಿಂದ ಅದಕ್ಕೆ “ಗುಡ್ಡದ ಕೆಲಸ” ಎಂದು ಹೆಸರಿಟ್ಟೆವು. ಯಾರಿಗೂ ಹೇಳಬಾರದು ಎಂದೂ ಮಾತಾಯಿತು. ಇವರು ಮಿಲ್ಲಿನಿಂದ ನನಗೆ ಫೋನು ಮಾಡುತ್ತಿದ್ದರು: “ಗುಡ್ಡದ ಕೆಲಸ ಏನಾತ್ರಿ?” ಮಿಲ್ಲಿನಲ್ಲಿ ಪಕ್ಕದಲ್ಲಿದ್ದವರು, ಇವರು ಎಲ್ಲೋ ಕಲ್ಲುಗಣಿಯಲ್ಲಿ ಕಂತ್ರಾಟು ಹಿಡಿದಿದ್ದಾರೆಂದು ತಿಳಿದುಕೊಂಡರಂತೆ.

ಹೋಗಬೇಕಾದರೆ ಯುಗಾದಿ ಮುಗಿದ ವಾರದಲ್ಲಿಯೇ ಹೋಗಬೇಕು. ಯುಗಾದಿಯವರೆಗೆ ನನಗೆ ಜಂಪರುಗಳ ರಾಶಿ, ಅದಾದ ಸ್ವಲ್ಪ ದಿನಕ್ಕೆ ಮದುವೆ ಬಟ್ಟೆಗಳ ರಾಶಿ. ಅವರಿಗೆ ಎರಡನೇ ಬೆಳೆಯ ಭತ್ತ ಬರಲು ಶುರುವಾದರೆ ಮಿಲ್ಲಿನಿಂದ ತಲೆ ಎತ್ತಲು ಪುರುಸೊತ್ತಿಲ್ಲ. ನಮ್ಮ ಕಡೆ ವಸಂತವೂ ಹಾಗೆಯೇ. ಬೇವಿನ ಹೂವು ಅರಳಿ ಓಣಿಯೆಲ್ಲ ಘಮ್ಮೆನ್ನುವ ನಾಲ್ಕು ದಿನ ಮುಖ ತೋರಿಸುತ್ತದೆ, ಆಮೇಲೆ ಬಿಸಿಲೇ ಬಿಸಿಲು. ಆ ಸಣ್ಣ ಸಂದಿಯಲ್ಲಿಯೇ ನಾವು ತೂರಿಕೊಳ್ಳಬೇಕಾಗಿತ್ತು.

ಇಳಿದುಕೊಳ್ಳುವ ಜಾಗ ಹುಡುಕುವುದೇ ದೊಡ್ಡ ತಮಾಷೆಯಾಯಿತು. ನಾಯಿ ಎಂದ ಕೂಡಲೇ ಲಾಡ್ಜಿನವರು ಫೋನು ಇಡುತ್ತಿದ್ದರು. ಕೊನೆಗೆ ಇವರು ನಾಯಿ ಎನ್ನುವುದನ್ನೇ ಬಿಟ್ಟರು. ಸ್ಪೀಕರ್ ಹಾಕಿ ಮಾತಾಡುತ್ತಿದ್ದರು, ನಾನು ಸೆರಗು ಬಾಯಿಗೆ ತುರುಕಿಕೊಂಡು ಕೇಳುತ್ತಿದ್ದೆ.

“ಎಷ್ಟು ಮಂದಿ ಬರ್ತೀರಿ?”

“ಮೂರು ಮಂದಿರಿ.”

“ಮೂರನೇದವರು ಸಣ್ಣವರೇನ್ರಿ?”

“ಸಣ್ಣವನರಿ. ಐದು ವರ್ಷ.”

“ಹಂಗಾದ್ರ ಅವಂಗ ಬ್ಯಾರೆ ಹಾಸಿಗಿ ಬೇಕಾಗಂಗಿಲ್ಲ ಬಿಡ್ರಿ.”

“ಇಲ್ರಿ, ಅವ ನೆಲದ ಮ್ಯಾಲೆ ಮಕ್ಕೋತಾನ.”

ಆ ಕಡೆಯವರು “ಪಾಪ, ಯಾಕ್ರಿ?” ಎಂದರು. ಆಗ ಪಾಪ ಎಂದದ್ದು ತನಗೇ ಎಂದು ಗೊತ್ತಾದ ಹಾಗೆ ನಾಯಿ ಬೊಗಳಿತು. ಫೋನು ಕಟ್ಟಾಯಿತು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮದುವೆಯಾದ ಮೇಲೆ ಇಬ್ಬರೂ ಒಟ್ಟಿಗೆ ಹಾಗೆ ನಕ್ಕದ್ದು ಅದೇ ಮೊದಲು.

ಯಾರದೋ ಮುಖಾಂತರ ಗುಡ್ಡದ ಬುಡದಲ್ಲಿ ಮಾವಿನ ತೋಟವಿರುವ ಒಬ್ಬ ಹಿರಿಯರ ನಂಬರು ಸಿಕ್ಕಿತು. ತೋಟದಲ್ಲಿ ಎರಡು ಕೋಣೆಗಳಿದ್ದವು. ಇವರು ಈ ಸಲ ಖರೇ ಮಾತನ್ನೇ ಹೇಳಿದರು. ಹಿರಿಯರು ಯೋಚಿಸಿ, “ನನಗ ಅಡ್ಡಿಲ್ಲಪ್ಪ. ನಮ್ಮವು ಮೂರು ನಾಯಿ ಅದಾವು. ಅವು ಒಪ್ಪಿದ್ರ ಆತು” ಎಂದರು.

ಉಳಿದದ್ದು ಗಾಡಿಯ ಪ್ರಶ್ನೆ. ಮಿಲ್ಲಿನ ಮಾಲೀಕರ ಹಳೆಯ ವ್ಯಾನೊಂದು ಶೆಡ್ಡಿನಲ್ಲಿ ನಿಂತಿತ್ತು. ಇವರೇ ಅದನ್ನು ರಿಪೇರಿ ಮಾಡಿ ಓಡುವ ಹಾಗೆ ಮಾಡಿದ್ದರಿಂದ ಕೇಳಿದಾಗ ಕೊಡುತ್ತಿದ್ದರು. ಮೊದಲನೆಯ ಭಾನುವಾರ ನಾಯಿಯನ್ನು ಹಿಂದೆ ಕೂಡಿಸಿಕೊಂಡು ಊರಲ್ಲೇ ಒಂದು ಸುತ್ತು ಹಾಕಿದೆವು. ಬಸ್ ಸ್ಟ್ಯಾಂಡು ದಾಟುವಷ್ಟರಲ್ಲಿ ಅದು ಬಾಯಿ ಚಪ್ಪರಿಸಲು ಶುರು ಮಾಡಿತು, ಜೊಲ್ಲು ಸುರಿಸಿತು, ಆಮೇಲೆ ಬೆಳಿಗ್ಗೆ ತಿಂದದ್ದನ್ನೆಲ್ಲ ನನ್ನ ಮಡಿಲಿಗೆ ಒಪ್ಪಿಸಿತು.

ದನದ ದವಾಖಾನೆಯ ಡಾಕ್ಟರು ನಮ್ಮ ಮಾತು ಕೇಳಿ ಪೆನ್ನು ಕೆಳಗಿಟ್ಟರು. “ಎಮ್ಮಿ ಕರ ಹಾಕವಲ್ದು ಅಂತ ಬರ್ತಾರ, ಕುರಿಗೆ ರೋಗ ಅಂತ ಬರ್ತಾರ. ನಾಯಿಗೆ ಪ್ರವಾಸ ಒಗ್ಗವಲ್ದು ಅಂತ ಬಂದವರು ನೀವ ಮೊದಲನೇದವರು ನೋಡ್ರಿ” ಎಂದು ನಕ್ಕು, ಖಾಲಿ ಹೊಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ದೂರ ಕರೆದುಕೊಂಡು ಹೋಗಿ ರೂಢಿ ಮಾಡಿಸಿ ಎಂದರು.

ಹೀಗೆ ನಮ್ಮ ತಾಲೀಮು ಶುರುವಾಯಿತು. ಮೊದಲು ಸಾಲಗುಂದದ ಕಡೆ. ಊರು ಇನ್ನೂ ಮುಂದಿರುವಾಗಲೇ ನಾಯಿಯ ಬಾಯಿ ಚಪ್ಪರಿಕೆ ಕೇಳಿಸಿತು. ಇವರು ಗಾಡಿ ಪಕ್ಕಕ್ಕೆ ಹಾಕಿದರು. ನಾನು ಇಳಿದು, ರಸ್ತೆಯ ಅಂಚಿನಲ್ಲಿ ಬಗ್ಗಿ ನಾಯಿಯ ತಲೆ ಹಿಡಿದುಕೊಂಡೆ. ಇವರು ನೀರಿನ ಬಾಟಲಿ ಹಿಡಿದು ನನ್ನ ಬೆನ್ನಿನ ಮೇಲೆ ಕೈಯಿಟ್ಟು ನಿಂತರು. ಒಂದು ಬಸ್ಸು ನಮ್ಮನ್ನು ದಾಟಿ ಹೋಯಿತು. ಅದರಲ್ಲಿ ಯಾರಿದ್ದರೆಂದು ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬೆನ್ನ ಮೇಲೆ ಅವರ ಕೈ ಇತ್ತಲ್ಲ, ಅದರ ಮೇಲೆಯೇ ನನ್ನ ಲಕ್ಷ್ಯವೆಲ್ಲ.

ಮುಂದಿನ ವಾರ ದಢೇಸುಗೂರಿಗೆ. ಹೊಳೆಯವರೆಗೂ ನಾಯಿ ಹೇಗೋ ತಡೆದುಕೊಂಡಿತು. ನಾವು ಗೆದ್ದೆವೆಂದು ಬಾಗಿಲು ತೆರೆದದ್ದೇ ತಡ, ಅದು ನೆಗೆದು ಕಾಲುವೆ ಬದಿಯ ಗದ್ದೆಗೆ ನುಗ್ಗಿತು. ಭತ್ತ ಆಗಷ್ಟೇ ತೆನೆ ಬಿಡುತ್ತಿತ್ತು. ದೂರದಲ್ಲಿ ಗದ್ದೆಯವನು ಟವೆಲ್ಲು ಬೀಸಿ ಕೂಗಿದ. ನಮ್ಮವರು ಗಾಬರಿಯಲ್ಲಿ ನನ್ನ ಕಡೆ ತಿರುಗಿ ಕೂಗಿದರು:

“ಹಿಡಿಯೇ ಅವನ್ನ! ಓಡೇ!”

ನಾನು ಸೀರೆ ಎತ್ತಿ ಕಟ್ಟಿ ಬದುವಿನ ಮೇಲೆ ಓಡಿದೆ. ಓಡಿ ಎಷ್ಟು ವರ್ಷವಾಗಿತ್ತೋ! ಬದು ಹಸಿಯಾಗಿತ್ತು. ಜಾರಿ ನೇರವಾಗಿ ಕೆಸರಿನಲ್ಲಿ ಕುಳಿತೆ. ನಾಯಿ ತಿರುಗಿ ನೋಡಿ, ಇದೇನೋ ಹೊಸ ಆಟವೆಂದು ಓಡಿ ಬಂದು ನನ್ನ ಮೇಲೆ ಬಿತ್ತು. ಹಿಂದಿನಿಂದ ಬಂದ ನಮ್ಮವರು ಅಲ್ಲೇ ನಿಂತುಬಿಟ್ಟರು. ಮುಖವೆಲ್ಲ ಸಪ್ಪಗಾಗಿತ್ತು. ನಾನು ಬಿದ್ದದ್ದಕ್ಕೆ ಎಂದುಕೊಂಡೆ. ಅಲ್ಲ.

“ತಪ್ಪಾತ್ರಿ” ಎಂದರು. “ಬಾಯಿ ತಪ್ಪಿ ಹಿಡಿಯೇ ಅಂದೆ.”

“ಇನ್ನೊಮ್ಮೆ ನನಗ ರೀ ಅಂದ್ರ ನಾ ಈ ಕೆಸರ್‍ನಾಗಿಂದ ಏಳಂಗಿಲ್ಲ ನೋಡ್ರಿ” ಎಂದೆ.

ಅವರು ಆ ಕಡೆ ಈ ಕಡೆ ನೋಡಿದರು. ಗದ್ದೆಯವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ನಮ್ಮನ್ನೇ ನೋಡುತ್ತಿದ್ದ. ಇವರು ಕೈ ಚಾಚಿ, ಅವನಿಗೆ ಕೇಳಿಸದಷ್ಟು ಮೆಲ್ಲಗೆ, “ಏಳು” ಎಂದರು. ನನಗೆ ಯಾರೂ ಅದುವರೆಗೆ ಅಷ್ಟು ಚಂದ ಏಳು ಎಂದಿರಲಿಲ್ಲ. ಹೊಳೆಯ ನೀರಿನಲ್ಲಿ ಸೀರೆ, ನಾಯಿ ಎರಡನ್ನೂ ತೊಳೆದುಕೊಂಡು, ಬಂಡೆಯ ಮೇಲೆ ಒಣಗಲು ಕುಳಿತೆವು. ಸಂಡೂರಿನಲ್ಲಿ ಏನೇನು ಮಾಡಬೇಕು ಎಂದು ಇವರು ಹೇಳುತ್ತಲೇ ಇದ್ದರು. ನಸುಕಿನಲ್ಲಿ ಏಳಬೇಕು, ಸೂರ್ಯ ಬರುವುದರೊಳಗೆ ಮೇಲೆ ಇರಬೇಕು, ಬುತ್ತಿಯನ್ನು ಮೇಲೆಯೇ ಬಿಚ್ಚಬೇಕು. ಈ ಮನುಷ್ಯ ಇಷ್ಟು ಮಾತಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಎಲ್ಲವನ್ನೂ ನನಗೇ ಹೇಳುತ್ತಿದ್ದರು. ನಾಯಿ ಪಕ್ಕದಲ್ಲಿ ನಿದ್ದೆ ಮಾಡುತ್ತಿತ್ತು.

ಮೂರನೆಯ ತಾಲೀಮು ಮಸ್ಕಿಗೆ, ನನ್ನ ತವರಿಗೆ. ನನ್ನ ತಮ್ಮ ಮತ್ತು ಅವನ ಹೆಂಡತಿ ಬೀಗರ ಮನೆಗೆ ಹೋಗಿದ್ದರು, ಅವ್ವ ಒಬ್ಬಳೇ ಇದ್ದಳು. ಹೊಲಿದ ಬಟ್ಟೆ ಕೊಡಲು ಬರುತ್ತೇವೆಂದು ಫೋನು ಮಾಡಿದ್ದೆ. ನಾಯಿ ಮಸ್ಕಿಯ ಅಗಸಿ ಬಾಗಿಲಿಗೆ ಬಂದಾಗ ವಾಂತಿ ಮಾಡಿತು, ಆದರೂ ಅದು ಸುಧಾರಣೆಯೇ. ವ್ಯಾನು ಮನೆ ಮುಂದೆ ನಿಂತಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಉಪ್ಪು ಮೆಣಸಿನಕಾಯಿ.

“ಹಗುರ್ಕ ಇಳಿಬೇ, ಹಗುರ್ಕ! ಕಾಲು ನೋಡ್ಕೊಂಡು ಇಡು.”

ನನ್ನನ್ನು ಅಲ್ಲಿಯೇ ನಿಲ್ಲಿಸಿ ದೃಷ್ಟಿ ತೆಗೆದಳು. ಒಳಗೆ ಕರೆದುಕೊಂಡು ಹೋಗಿ ಹೊರಸಿನ ಮೇಲೆ ಕೂಡಿಸಿ, ಬೆನ್ನಿಗೆ ದಿಂಬು ಕೊಟ್ಟಳು. ನಾನು ಬಟ್ಟೆಯ ಗಂಟು ಎತ್ತಲು ಹೋದರೆ ಕೈಯಿಂದ ಕಸಿದುಕೊಂಡಳು. ಗೋಧಿ ಹುಗ್ಗಿಯ ಸಿಹಿ ವಾಸನೆ ಬರುತ್ತಿತ್ತು. ಹಬ್ಬ ಇನ್ನೂ ದೂರವಿತ್ತು. ನಾನು ನಮ್ಮವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

ಅಷ್ಟರಲ್ಲಿ ಹೊರಗೆ ಲಿಂಗಸುಗೂರಿನ ಅಕ್ಕನ ದನಿ ಕೇಳಿಸಿತು. ಬಸ್ಸಿಳಿದು ನೇರವಾಗಿ ಬಂದಿದ್ದರು. ಚೀಲದ ತುಂಬ ಎಳೆಯ ಮಾವಿನಕಾಯಿ. ಒಳಗೆ ಬಂದವರೇ ನಮ್ಮವರನ್ನು ಹಿಡಿದುಕೊಂಡರು.

“ಬುದ್ಧಿ ಐತೇನಲೇ ನಿನಗ? ಇಂಥ ಹೊತ್ತಿನಾಗ ಆ ಡಬ್ಬಾ ಗಾಡ್ಯಾಗ ಊರೂರು ಅಡ್ಡಾಡಸ್ತೀ ಇಕೀನ?”

“ಎಂಥ ಹೊತ್ತಿನಾಗ ಅಕ್ಕ?”

“ನೋಡ್ರಿ, ಇವಗ ಏನೂ ತಿಳಿಯಂಗಿಲ್ಲ!” ಎಂದು ಅಕ್ಕ ಅವ್ವನಿಗೆ ಹೇಳಿದರು. ಇಬ್ಬರೂ ನಕ್ಕರು. ಅವ್ವ ಮಾವಿನಕಾಯಿ ಹೆಚ್ಚಿ, ಉಪ್ಪು ಖಾರ ಹಚ್ಚಿ ನನ್ನ ಬಾಯಿಗೆ ಹಿಡಿದಾಗ ನನಗೆ ತಟ್ಟನೆ ಹೊಳೆಯಿತು. ಸಾಲಗುಂದದ ರಸ್ತೆ. ಬಸ್ಸು. ಬಗ್ಗಿ ನಿಂತ ನಾನು. ಬೆನ್ನ ಮೇಲೆ ಗಂಡನ ಕೈ. ಆ ಬಸ್ಸಿನಲ್ಲಿ ನನ್ನ ಬಳಿ ಜಂಪರ್ ಹೊಲಿಸುವ ಮಸ್ಕಿಯ ಹೆಂಗಸೊಬ್ಬಳು ಕಿಟಕಿ ಪಕ್ಕ ಕುಳಿತಿದ್ದಳಂತೆ. ಸುದ್ದಿ ನನಗಿಂತ ಮೊದಲು ತವರು ಸೇರಿತ್ತು, ತವರಿನಿಂದ ಲಿಂಗಸುಗೂರಿಗೂ ಹೋಗಿತ್ತು.

ನಾನು ಆ ಕ್ಷಣವೇ ಬಾಯಿ ಬಿಡಬೇಕಿತ್ತು. ಬಿಡಲಾಗಲಿಲ್ಲ. ಅವರಿಬ್ಬರ ಮುಖದ ಮೇಲೆ ಎಂಥ ಖುಷಿ! ಇವಳ ವಯಸ್ಸೆಷ್ಟು, ಇದು ಆಗುವ ಮಾತೇ ಎಂದು ಒಬ್ಬರಿಗಾದರೂ ಅನುಮಾನ ಬಂದಿರಲಿಲ್ಲ. ಕೇಳಿದ ಕೂಡಲೇ ನಂಬಿ, ಒಬ್ಬಳು ಹುಗ್ಗಿಗೆ ಇಟ್ಟಿದ್ದಳು, ಇನ್ನೊಬ್ಬರು ಬಸ್ಸು ಹತ್ತಿದ್ದರು. ಬಾಯಲ್ಲಿ ಹುಳಿ, ಕಣ್ಣಲ್ಲಿ ನೀರು. ಒಂದು ಗಳಿಗೆ ನನಗೂ ಆಸೆಯಾಯಿತು, ಇದು ಹೀಗೆಯೇ ಇದ್ದುಬಿಡಲಿ ಎಂದು. ನಮ್ಮವರು ನನ್ನನ್ನೇ ನೋಡುತ್ತಿದ್ದರು. ಅವರಿಗೂ ಅರ್ಥವಾಗಿತ್ತು. ಅವರ ಕಣ್ಣಲ್ಲಿದ್ದುದನ್ನು ನಾನಿಲ್ಲಿ ಬರೆಯಲಾರೆ. ನಾವಿಬ್ಬರೂ ಅದರ ಬಗ್ಗೆ ಆಮೇಲೆ ಮಾತಾಡಿದೆವು, ಅಳಲಿಲ್ಲ.

ಆಗ ಅವರು ಮಾಡಿದ್ದು ಇಷ್ಟೇ. ಬಾಗಿಲ ಬಳಿ ಮಲಗಿದ್ದ ನಾಯಿಯ ಕಡೆ ತಿರುಗಿ, ಗಂಭೀರವಾಗಿ ಕೇಳಿದರು: “ಹೇಳಲೇ. ವಾಂತಿ ಮಾಡಿದ್ದು ಯಾರು, ಹೇಳು.”

ನಾಯಿ ಎದ್ದು ನಿಂತು ಬಾಲ ಆಡಿಸಿತು.

ಪಕ್ಕದ ಮನೆಯ ಕುಕ್ಕರು ಸೀಟಿ ಹೊಡೆಯಿತು. ಅಕ್ಕ ನಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಚೀಲದ ಮಾವಿನಕಾಯಿ ನೋಡಿದರು. ಆಮೇಲೆ ಗೋಡೆಗೆ ಒರಗಿ ನೆಲಕ್ಕೆ ಕುಸಿದರು. ಏನಾಯಿತೋ ಎಂದು ನಾನು ಎದ್ದೆ. ನಗುತ್ತಿದ್ದರು. ದನಿಯೇ ಹೊರಡದಷ್ಟು ನಗು.

ಅವ್ವ ನಗಲಿಲ್ಲ. “ನಾ ಓಣಿ ತುಂಬ ಹೇಳೀನಲ್ಲೇ!” ಎಂದಳು. “ಈಗ ಎಲ್ಲಾರಿಗೂ ಏನಂತ ಹೇಳ್ಲಿ? ನಾಯಿ ಬಸುರಾಗೈತಿ ಅಂತ ಹೇಳ್ಲೇನು?”

“ಅದು ಗಂಡು ನಾಯಿರಿ ಅತ್ತಿ” ಎಂದರು ನಮ್ಮವರು.

ಈ ಮಾತಿಗೆ ಅವ್ವನ ಸಿಟ್ಟೂ ಒಡೆಯಿತು. ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕಳು. ನಡುವೆ ಒಮ್ಮೆ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ನೋಡದವಳ ಹಾಗೆ ಅವಳ ಪಕ್ಕದಲ್ಲಿ ಹೋಗಿ ಕುಳಿತೆ. ಅವಳು ನನ್ನ ತೊಡೆಯ ಮೇಲೆ ಕೈಯಿಟ್ಟಳು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಗುಡ್ಡದ ಕೆಲಸವನ್ನೆಲ್ಲ ಹೇಳಿಬಿಟ್ಟೆವು. ಅಕ್ಕ ಮಾವಿನಕಾಯಿಯನ್ನು ತಾವೇ ತಿನ್ನುತ್ತಾ ಕೇಳಿದರು.

“ಅಲ್ಲಿ ದೇವರು ಮಾಡ್ಸೂದು ಐತೇನು?”

“ಇಲ್ರಿ ಅಕ್ಕಾರ.”

“ಯಾರರ ಸಂಬಂಧಿಕರು ಅದಾರೇನು?”

“ಇಲ್ರಿ.”

“ಮತ್ತ ಯಾಕ ಹೊಂಟೀರಿ?”

“ಸುಮ್ನರಿ” ಎಂದೆ. “ಹೂವು ನೋಡಾಕ.”

ಅಕ್ಕ ಮಾವಿನಕಾಯಿಯ ವಾಟೆಯನ್ನು ಹಲ್ಲಿನಿಂದ ಕೆರೆದರು. “ನಾ ಹುಟ್ಟಿದಾಗಿನಿಂದ ಎಲ್ಲಿಗೂ ಸುಮ್ನ ಹೋಗಿಲ್ಲ ನೋಡು ತಂಗಿ” ಎಂದರು. ಅದರಲ್ಲಿ ದುಃಖವಿರಲಿಲ್ಲ. ಅಡುಗೆಗೆ ಉಪ್ಪು ಹಾಕುವುದನ್ನು ಮರೆತದ್ದು ಈಗ ನೆನಪಾಯಿತು ಎನ್ನುವ ಹಾಗಿತ್ತು. ಆಮೇಲೆ ಕೈ ಝಾಡಿಸಿ ಎದ್ದರು. “ಏಳ್ರಿ. ನಿಮ್ಮೂರಾಗೂ ಒಂದು ಗುಡ್ಡ ಐತೆಲ್ಲ. ಇದನ್ನರ ಹತ್ತೂಣು. ಸುಮ್ನ.”

ಬಿಸಿಲು ಇಳಿದ ಮೇಲೆ ನಾವು ನಾಲ್ವರು ಮತ್ತು ನಾಯಿ ಮಸ್ಕಿಯ ಗುಡ್ಡದ ಮೆಟ್ಟಿಲು ಹತ್ತಿದೆವು. ಅದರ ನೆರಳಿನಲ್ಲಿಯೇ ಬೆಳೆದವಳು ನಾನು. ಹರಕೆಯಿಲ್ಲದೆ, ಕಾಯಿ ಕರ್ಪೂರವಿಲ್ಲದೆ ಅದನ್ನು ಹತ್ತಿದ್ದು ನೆನಪಿಲ್ಲ. ಅವ್ವ ಅರ್ಧಕ್ಕೆ ಕುಳಿತು, ನಾವು ಇಳಿಯುವವರೆಗೆ ಇಲ್ಲಿಯೇ ಇರುತ್ತೇನೆಂದಳು. ಆ ಮಾತು ಮುಗಿಯುವುದರೊಳಗೆ ಹೋಗಿ ಬರುವ ಹೆಂಗಸರಿಗೆಲ್ಲ ನಾಯಿಯ ಕತೆ ಹೇಳಲು ಶುರು ಮಾಡಿದಳು. ಓಣಿಗೆ ಹೊಸ ಸುದ್ದಿ ಮುಟ್ಟಿಸುವ ಚಿಂತೆಯೂ ಹಾಗೆ ಬಗೆಹರಿಯಿತು. ಅಕ್ಕ ಮಾತ್ರ ಸೀರೆ ನಡುವಿಗೆ ಸಿಕ್ಕಿಸಿಕೊಂಡು ನಾಯಿಯ ಹಿಂದೆಯೇ ಹತ್ತಿದರು. ಮೇಲೆ ಬಂಡೆಯ ಮೇಲೆ ನಿಂತು, ಒಂದು ಕಡೆ ಒಣ ಹೊಲ, ಇನ್ನೊಂದು ಕಡೆ ಹಸಿರು ಗದ್ದೆ ನೋಡಿ, “ಗಾಳಿ ಎಷ್ಟು ಚಂದ ಐತಲ್ಲೋ!” ಎಂದು ಸಣ್ಣ ಹುಡುಗಿಯ ಹಾಗೆ ಕೂಗಿದರು.

ಅವರನ್ನು ಲಿಂಗಸುಗೂರಿಗೆ ನಾವೇ ವ್ಯಾನಿನಲ್ಲಿ ಬಿಟ್ಟು ಬರಲು ಹೊರಟೆವು. ಅಕ್ಕನಿಗೆ ಹಿಂದೆ ಕುಳಿತರೆ ಹೊಟ್ಟೆ ತೊಳೆಸುತ್ತದೆ. ಆದ್ದರಿಂದ ಅವರು ಮುಂದೆ ಕುಳಿತು ಕಿಟಕಿ ಗಾಜು ಇಳಿಸಿದರು. ನಾಯಿ ನನ್ನ ಕೈ ತಪ್ಪಿಸಿಕೊಂಡು, ಸೀಟು ಹಾರಿ, ಅಕ್ಕನ ತೊಡೆಯ ಮೇಲೆ ಹೋಗಿ ಕುಳಿತಿತು. ಇಬ್ಬರೂ ಕಿಟಕಿಯಿಂದ ಮುಖ ಹೊರಗೆ ಹಾಕಿದರು. ನಾನು ಹಿಂದೆ ಹಳೆಯ ಬಟ್ಟೆ ಹಿಡಿದುಕೊಂಡು, ಈಗ ಮಾಡುತ್ತದೆ, ಇನ್ನು ಮಾಡುತ್ತದೆ ಎಂದು ಕಾಯುತ್ತಿದ್ದೆ. ಲಿಂಗಸುಗೂರು ಬಂತು. ನಾಯಿ ಮಾಡಲಿಲ್ಲ. ಅಕ್ಕನೂ ಮಾಡಲಿಲ್ಲ.

“ಅದಕ್ಕೂ ನನಗಾದಂಗ ಆಗ್ತಿತ್ತು ಪಾಪ. ಮುಂದ ಕುಂಡ್ರಸ್ರಿ, ಮಾರಿಗೆ ಗಾಳಿ ಬಡೀಲಿ, ಅಷ್ಟ” ಎಂದರು ಅಕ್ಕ. ಒಳಗೆ ಹೋಗಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ತಂದರು, ಗುಡ್ಡದಲ್ಲಿ ಥಂಡಿ ಎಂದು ತಮ್ಮ ಉಣ್ಣೆಯ ಶಾಲನ್ನೂ ಹೊದಿಸಿದರು. ಸಂಜೆಯಾದರೂ ನೆಲ ಇನ್ನೂ ಕಾದಿತ್ತು. ಶಾಲಿನೊಳಗೆ ನಾನು ಬೆವೆತು ನೀರಾಗುತ್ತಾ, “ನೀವೂ ಬರ್ರಿ ಅಕ್ಕಾರ” ಎಂದೆ. ಮನಸಾರೆ ಅಂದೆ.

“ಹನಿಮೂನಿಗೆ ನಾಯಿ ಹೊಂಟೈತಿ. ಇನ್ನ ನಾನೂ ಯಾಕಬೇ?” ಎಂದರು ಅವರು. ನಾವಿಬ್ಬರೂ ಇಷ್ಟು ದಿನ ಬಾಯಲ್ಲಿ ಹಿಡಿದಿಟ್ಟುಕೊಂಡಿದ್ದ ಶಬ್ದವನ್ನು ಅಕ್ಕ ನಡುರಸ್ತೆಯಲ್ಲಿ ಗಟ್ಟಿಯಾಗಿ ಹೇಳಿಬಿಟ್ಟಿದ್ದರು. ಯಾವ ಗೋಡೆಯೂ ನಗಲಿಲ್ಲ. ಕಿವಿ ಮಾತ್ರ ಬಿಸಿಯಾದವು, ನನ್ನವೂ ಅವರವೂ.

ಯುಗಾದಿ ಮುಗಿದ ಮೇಲೆ, ಬೆಳಕು ಹರಿಯುವ ಹೊತ್ತಿಗೆ ನಾವು ಸಿಂಧನೂರು ಬಿಟ್ಟೆವು. ಮುಂದಿನ ಸೀಟಿನಲ್ಲಿ ನಾಯಿ, ಎದೆ ಉಬ್ಬಿಸಿ, ಕಿವಿಗಳನ್ನು ಗಾಳಿಗೆ ಬಿಟ್ಟು. ಹಿಂದಿನ ಸೀಟಿನಲ್ಲಿ ಬುತ್ತಿ, ನೀರಿನ ಕ್ಯಾನು, ಶಾಲು ಮತ್ತು ನಾನು. ಹೊಳೆ ದಾಟಿ, ಸಿರುಗುಪ್ಪ ದಾಟಿ, ಬಳ್ಳಾರಿಗೆ ಮುಂಚೆ ಒಂದು ಕಡೆ ಚಹಕ್ಕೆ ನಿಲ್ಲಿಸಿದಾಗ ಅಂಗಡಿಯವನು ಒಳಗೆ ಬಗ್ಗಿ ನೋಡಿದ.

“ಹಿಂದ ಕುಂತವರು ಯಾರ್ರಿ?”

“ಮದಿಮಗಳು” ಎಂದರು ನಮ್ಮವರು, ಯಾವ ಅಂಜಿಕೆಯೂ ಇಲ್ಲದೆ.

“ಮತ್ತ ಮುಂದ ನಾಯಿ?”

“ಅದು ಹಿರೇರ ಪೈಕಿ.”

ತೋಟದ ಹಿರಿಯರ ಮೂರು ನಾಯಿಗಳು ನಮ್ಮದನ್ನು ಸುತ್ತುವರಿದು, ಬಹಳ ಹೊತ್ತು ಮೂಸಿ, ಕೊನೆಗೆ ಒಪ್ಪಿದವು. ಹೂವಿನ ವಿಷಯಕ್ಕೆ ಬಂದರೆ, ನಾವು ಸ್ವಲ್ಪ ತಡ ಮಾಡಿದ್ದೆವು. ಮುತ್ತಲ ಬಹಳಷ್ಟು ಉದುರಿಹೋಗಿತ್ತು. ಬೆಂಕಿ ಹತ್ತಿದ ಗುಡ್ಡ ಎಲ್ಲಿ ಎಂದು ನಾನು ಹುಡುಕಿದೆ. ಅಲ್ಲೊಂದು ಇಲ್ಲೊಂದು ಮರದಲ್ಲಿ ಹೂವುಗಳು ಕೆಂಡದಂತೆ ಉಳಿದಿದ್ದವು ಅಷ್ಟೇ. ನಮ್ಮವರಿಗೆ ಬೇಜಾರಾಯಿತೇನೋ ಎಂದು ಮುಖ ನೋಡಿದರೆ, ಅವರು ನೆಲ ನೋಡುತ್ತಿದ್ದರು. ಕೆಂಪು ಮಣ್ಣಿನ ದಾರಿಯ ಮೇಲೆಲ್ಲ ಅದೇ ಹೂವು ಹಾಸಿತ್ತು. ಹೊಂಗೆ ಮರಗಳಲ್ಲಿ ಎಳೆಯ ಎಲೆ ಎಷ್ಟು ಹಸಿರಾಗಿತ್ತೆಂದರೆ, ಕಾಲುವೆ ನೀರಿನಲ್ಲಿ ಬೆಳೆದ ಗದ್ದೆ ದಿನಾ ನೋಡುವ ನನ್ನ ಕಣ್ಣಿಗೂ ಅದು ಹೊಸ ಬಣ್ಣವೆನಿಸಿತು.

ಮರುದಿನ ನಸುಕಿನಲ್ಲಿ ಎದ್ದು ಹತ್ತಿದೆವು. ಹುಲ್ಲಿನ ಒಂದು ಬೋಳು ದಿಬ್ಬದ ಮೇಲೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಕೆಳಗೆ ಜಲಾಶಯದ ನೀರು ಬೆಳ್ಳಗೆ ಹೊಳೆಯುತ್ತಿತ್ತು. ಎಲ್ಲಿಯೋ ನವಿಲು ಕೂಗಿತು. ನಾಯಿ ಅದರ ಕಡೆ ಒಮ್ಮೆ ಕಿವಿ ಎತ್ತಿ, ರೊಟ್ಟಿಯೇ ವಾಸಿ ಎಂದು ತಿರುಗಿ ಬಂತು. ನಮ್ಮವರು ಹುಲ್ಲಿನ ಮೇಲೆ ಅಂಗಾತ ಮಲಗಿ, “ಇಲ್ಲಿ ಏನೂ ಸಪ್ಪಳ ಇಲ್ಲ ನೋಡು. ರಿಪೇರಿ ಮಾಡ್ಬೇಕಂದ್ರೂ ಏನೂ ಇಲ್ಲ” ಎಂದರು.

ಇಳಿಯುವಾಗ ಆ ದಿಬ್ಬದ ಇಳಿಜಾರು ನನ್ನ ಮುಂದೆ ಉದ್ದಕ್ಕೆ ಬಿದ್ದಿತ್ತು. ಏನನ್ನಿಸಿತೋ, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದೆ. “ಬ್ಯಾಡ, ಬೀಳ್ತೀ!” ಎಂದು ಅವರು ಅನ್ನುವುದರೊಳಗೆ ಓಡಲು ಶುರು ಮಾಡಿದ್ದೆ. ಸೆರಗು ಬಿಚ್ಚಿ ಹಿಂದೆ ಹಾರುತ್ತಿತ್ತು. ನಾಯಿ ನನ್ನನ್ನು ದಾಟಿ, ತಿರುಗಿ ಬಂದು, ಮತ್ತೆ ದಾಟಿತು. ಬಾಯಿಂದ ಏನೋ ಕೂಗು ಹೊರಡುತ್ತಿತ್ತು, ಅದು ನನ್ನದೇ ಎಂದು ಆಮೇಲೆ ಗೊತ್ತಾಯಿತು. ಹಿಂದಿನಿಂದ ಬುತ್ತಿ ಡಬ್ಬಿಯ ಗಲಗಲ ಸದ್ದು. ಅವರೂ ಓಡುತ್ತಿದ್ದರು.

ಕೆಳಗೆ ತೋಟದ ಬೇಲಿಯ ಬಳಿ ಹಿರಿಯರು ಚಹದ ಲೋಟ ಹಿಡಿದು ನಿಂತಿದ್ದರು. ಏದುಸಿರು ಬಿಡುತ್ತಿದ್ದ, ಬಟ್ಟೆ ತುಂಬ ಒಣ ಹುಲ್ಲು ಮೆತ್ತಿಕೊಂಡ ನಮ್ಮಿಬ್ಬರನ್ನೂ ನೋಡಿ ಗಾಬರಿಯಾದರು.

“ಏನಾತ್ರಿ? ಏನರ ಬೆನ್ನ ಹತ್ತಿತ್ತೇನ್ರಿ?”

“ಇಲ್ರಿ ಅಜ್ಜಾರ” ಎಂದೆ, ಉಸಿರು ಸಿಕ್ಕ ಮೇಲೆ. “ಇನ್ನೊಮ್ಮೆ ಹತ್ತಿ ಬರ್ತೀವಿ, ಚಾ ಇಟ್ಟಿರ್ರಿ.”